ಓದಿಗೆ ನಕ್ಷತ್ರ ಕೊಟ್ಟೆ, ಈಗ ಆ ಚಾರ್ಟನ್ನು ಇಳಿಸುವುದು ಹೇಗೆ?

ಹಿರಿಯಡ್ಕದ ಪ್ರಶಿಕ್ಷಣಾರ್ಥಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಡ್. ಎರಡನೆಯ ವರ್ಷದ ವಿದ್ಯಾರ್ಥಿನಿ. ಮಲ್ಪೆಯ ಹತ್ತಿರದ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಆರನೆಯ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನ ನನ್ನ ಪಾಲಿಗೆ ಬಂದಿವೆ. ಇನ್ನು ಮೂರು ವಾರ ಉಳಿದಿದೆ. ಅಷ್ಟರೊಳಗೆ, ನಾನೇ ಮಾಡಿದ ಒಂದು ಕೆಲಸವನ್ನು ಸರಿಪಡಿಸಬೇಕಾಗಿದೆ. ಹೇಗೆಂದು ತೋಚದೆ ಇಲ್ಲಿ ಕೇಳುತ್ತಿದ್ದೇನೆ.

ತರಗತಿಯಲ್ಲಿ 34 ಮಕ್ಕಳಿದ್ದಾರೆ. ಸುಮಾರು ಅರ್ಧದಷ್ಟು ಮಂದಿ ಇಲ್ಲಿಯವರೇ, ಮನೆಮಾತು ತುಳು. ಉಳಿದವರಲ್ಲಿ ಹೆಚ್ಚಿನವರ ತಂದೆತಾಯಿ ಬಂದರಿನ ಕೆಲಸಕ್ಕೆಂದು ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಬಂದವರು. ಇಬ್ಬರ ಮನೆಯಲ್ಲಿ ಬ್ಯಾರಿ, ಒಬ್ಬಳ ಮನೆಯಲ್ಲಿ ಕೊಂಕಣಿ. ಪ್ರಶ್ನೆ ಕೇಳಿದರೆ ‘ಗೊತ್ತುಜ್ಜಿ ಟೀಚರ್’ (ಗೊತ್ತಿಲ್ಲ ಟೀಚರ್) ಎಂಬ ಉತ್ತರ ಎಲ್ಲ ಬೆಂಚುಗಳಿಂದಲೂ ಬರುತ್ತದೆ. ಬಾಗಲಕೋಟೆಯ ಮಕ್ಕಳೂ ಅಷ್ಟು ತುಳುವನ್ನು ಮೊದಲ ತಿಂಗಳಲ್ಲೇ ಕಲಿತುಬಿಟ್ಟಿದ್ದಾರೆ.

ಶಾಲೆಯ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗಿನ ಎರಡು ಕಬ್ಬಿಣದ ಕಪಾಟುಗಳು. ಒಂದರ ಬಾಗಿಲು ಉಪ್ಪುಗಾಳಿಗೆ ತುಕ್ಕು ಹಿಡಿದು ಪೂರ್ತಿ ತೆರೆಯುವುದಿಲ್ಲ, ಕೈ ಒಳಗೆ ಹಾಕಿ ಪುಸ್ತಕ ಎಳೆಯಬೇಕು. ಗುರುವಾರ ಕೊನೆಯ ಅವಧಿ ಗ್ರಂಥಾಲಯಕ್ಕೆ ಮೀಸಲು. ನಾನು ಬಂದ ಮೊದಲ ವಾರಗಳಲ್ಲಿ ಆ ಅವಧಿಯಲ್ಲಿ ಹೆಚ್ಚಿನವರು ಹರಟುತ್ತಿದ್ದರು, ಏಳೆಂಟು ಮಂದಿ ಓದುತ್ತಿದ್ದರು.

ನಮ್ಮ ಕ್ರಿಯಾ ಸಂಶೋಧನೆಗೆ (ತನ್ನದೇ ತರಗತಿಯ ಒಂದು ಸಮಸ್ಯೆಗೆ ಪರಿಹಾರ ಮಾಡಿ ನೋಡುವ ಅಧ್ಯಯನ) ಇದನ್ನೇ ಆರಿಸಿಕೊಂಡೆ. ‘ಓದುವ ಹವ್ಯಾಸ ಬೆಳೆಸುವಲ್ಲಿ ಧನಾತ್ಮಕ ಪುನರ್ಬಲನದ ಪಾತ್ರ’ ಎಂದು ಶೀರ್ಷಿಕೆ. ಧನಾತ್ಮಕ ಪುನರ್ಬಲನವೆಂದರೆ, ಬೇಕಾದ ವರ್ತನೆಗೆ ಬಹುಮಾನದಂಥ ಇಷ್ಟದ ಫಲ ಕೊಟ್ಟು ಅದನ್ನು ಹೆಚ್ಚಿಸುವುದು. ‘ಕಲಿಕೆ ಮತ್ತು ಬೋಧನೆ’ ಪರೀಕ್ಷಾ ಪತ್ರಿಕೆಗಾಗಿ ಮನೋವಿಜ್ಞಾನಿ ಸ್ಕಿನ್ನರ್ ಅವರ ಕ್ರಿಯಾಜನ್ಯ ಅನುಬಂಧನವನ್ನು (ಸಿಗುವ ಫಲಕ್ಕೆ ತಕ್ಕಂತೆ ವರ್ತನೆ ಬದಲಾಗುತ್ತದೆ ಎಂಬ ಸಿದ್ಧಾಂತ) ಚೆನ್ನಾಗಿ ಓದಿದ್ದೆ. ಋಣಾತ್ಮಕ ಪುನರ್ಬಲನಕ್ಕೂ ಶಿಕ್ಷೆಗೂ ಇರುವ ವ್ಯತ್ಯಾಸವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಉಡುಪಿಯ ಸಿಟಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ದಪ್ಪ ಚಾರ್ಟ್ ಕಾಗದ, ಹೊಳೆಯುವ ನಕ್ಷತ್ರದ ಸ್ಟಿಕ್ಕರುಗಳ ಆರು ಪ್ಯಾಕೆಟ್ ತಂದೆ. 34 ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಮನೆಗಳನ್ನು ಗೀಟು ಹಾಕಿ, ಗೋಡೆಗೆ ಅಂಟಿಸಿದೆ. ಒಂದು ಪುಸ್ತಕ ಓದಿ ಮುಗಿಸಿ ಅದರ ಬಗ್ಗೆ ಎರಡು ವಾಕ್ಯ ಹೇಳಿದರೆ ಒಂದು ನಕ್ಷತ್ರ. ಒಂದೇ ಪುಸ್ತಕಕ್ಕೆ ಎರಡನೆಯ ಬಾರಿ ನಕ್ಷತ್ರವಿಲ್ಲ. ಈ ಕೊನೆಯ ನಿಯಮವನ್ನು, ಯಾರೂ ಮೋಸ ಮಾಡಬಾರದೆಂದು, ನಾನೇ ಯೋಚಿಸಿ ಸೇರಿಸಿದೆ.

ಚಾರ್ಟ್ ಹಾಕುವ ಮೊದಲಿನ ಎರಡು ವಾರಗಳಲ್ಲಿ ಮಕ್ಕಳು ಒಯ್ದ ಪುಸ್ತಕಗಳು 38. ಹಾಕಿದ ಮೇಲಿನ ಎರಡು ವಾರಗಳಲ್ಲಿ 127. ಬಿಡುವಿನಲ್ಲೂ ಕಪಾಟಿನ ಮುಂದೆ ಸಾಲು. ಶಾಲೆಯ ಶಿಕ್ಷಕಿಯರು ಸಂತೋಷಪಟ್ಟರು. ಪಾಠ ವೀಕ್ಷಣೆಗೆ ಬಂದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಚಾರ್ಟಿನ ಫೋಟೋ ತೆಗೆದುಕೊಂಡು, ವರದಿಯಲ್ಲಿ ಸ್ತಂಭ ನಕ್ಷೆ ಹಾಕಲು ಹೇಳಿದರು. ಆ ದಿನ ಮಲ್ಪೆಯಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಆದಿ ಉಡುಪಿ ದಾಟುವವರೆಗೂ ನನ್ನ ಮುಖದ ನಗು ಹೋಗಿರಲಿಲ್ಲ.

ಸ್ತಂಭ ನಕ್ಷೆಗಾಗಿ ಪುಸ್ತಕ ಕೊಡುವ ರಿಜಿಸ್ಟರನ್ನು ಕುಳಿತು ನೋಡಿದಾಗ ನಗು ಹೋಯಿತು. 127ರಲ್ಲಿ 90ಕ್ಕಿಂತ ಹೆಚ್ಚು ಪುಸ್ತಕಗಳು ಹದಿನಾರು ಪುಟದವು, ಒಂದನೆಯ ಎರಡನೆಯ ತರಗತಿಯವರಿಗೆಂದು ತಂದ ಚಿತ್ರ ಪುಸ್ತಕಗಳು. ಮೊದಲು ಜಾನಪದ ಕತೆಗಳ ದಪ್ಪ ಸಂಗ್ರಹವನ್ನು ವಾರಗಟ್ಟಲೆ ಓದುತ್ತಿದ್ದ ಹುಡುಗಿ ಅದನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಿಸಿದ್ದಾಳೆ. ಈಗ ಅವಳ ಹೆಸರಿನ ಮುಂದೆ 19 ನಕ್ಷತ್ರಗಳಿವೆ, ತರಗತಿಗೇ ಮೊದಲನೆಯವಳು. ಎರಡು ವಾಕ್ಯ ಹೇಳುವುದನ್ನೂ ಮಕ್ಕಳು ಒಬ್ಬರಿಗೊಬ್ಬರು ಕಲಿಸಿಕೊಟ್ಟಿದ್ದಾರೆ. ಮೂರು ಮಂದಿ ಒಂದೇ ಪುಸ್ತಕಕ್ಕೆ ಒಂದೇ ಎರಡು ವಾಕ್ಯ ಹೇಳಿದ್ದನ್ನು ನಾನು ಆಗ ಗಮನಿಸಿರಲೇ ಇಲ್ಲ.

ಇಷ್ಟಾಗಿದ್ದರೆ ನಿಯಮ ಬದಲಿಸಿ ಮುಂದೆ ಹೋಗುತ್ತಿದ್ದೆ. ನನ್ನನ್ನು ನಿದ್ದೆಗೆಡಿಸಿದ್ದು ಬೇರೆ.

ಕಿಟಕಿಯ ಪಕ್ಕ ಕುಳಿತುಕೊಳ್ಳುವ ಒಬ್ಬ ಹುಡುಗನಿದ್ದಾನೆ. ಅವನ ಅಪ್ಪನಿಗೆ ಆಳಸಮುದ್ರದ ಬೋಟಿನಲ್ಲಿ ಕೆಲಸ, ಒಮ್ಮೆ ಹೋದರೆ ಎಂಟು ಹತ್ತು ದಿನ ಬರುವುದಿಲ್ಲ. ಅಮ್ಮ ಬಂದರಿನಲ್ಲಿ ಮೀನು ವಿಂಗಡಿಸುತ್ತಾರೆ. ಹುಡುಗ ಮಾತು ಕಡಿಮೆ, ಓದು ನಿಧಾನ. ನಾನು ಬಂದ ದಿನದಿಂದಲೂ ಪ್ರತಿ ಗುರುವಾರ ಅವನು ತೆಗೆದುಕೊಳ್ಳುತ್ತಿದ್ದುದು ಒಂದೇ ಪುಸ್ತಕ. ಕಡಲಾಮೆಗಳ ಬಗ್ಗೆ ಇಪ್ಪತ್ತನಾಲ್ಕು ಪುಟದ್ದು, ರಕ್ಷಾಪುಟ ಹರಿದುಹೋಗಿ ಹೆಸರೂ ಇಲ್ಲದ್ದು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಸುತ್ತ ಎಷ್ಟೇ ಗದ್ದಲವಿದ್ದರೂ ತಲೆ ಎತ್ತದೆ ಓದುತ್ತಿದ್ದ. ನಾನು ಬರುವ ಮೊದಲೇ ಓದುತ್ತಿದ್ದ ಏಳೆಂಟು ಮಂದಿಯಲ್ಲಿ ಅವನೂ ಒಬ್ಬ.

ಚಾರ್ಟ್ ಹಾಕಿದ ಮೊದಲ ದಿನ ಆಮೆಯ ಪುಸ್ತಕಕ್ಕೆ ಅವನಿಗೆ ಒಂದು ನಕ್ಷತ್ರ ಸಿಕ್ಕಿತು. ಮುಂದಿನ ಗುರುವಾರ ಮತ್ತೆ ಅದನ್ನೇ ತಂದ. ‘ಇದಕ್ಕೆ ಆಗಲೇ ಕೊಟ್ಟಾಗಿದೆ ಮಗಾ, ಬೇರೆಯದನ್ನು ತಾ’ ಎಂದೆ. ಪ್ರೀತಿಯಿಂದಲೇ ಹೇಳಿದ್ದೆ. ಅವನು ಹೋಗಿ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬಂದು ಕುಳಿತ. ಬೇರೆಯದನ್ನು ತರಲಿಲ್ಲ. ಅದಾದ ಮೇಲಿನ ಮೂರು ಗುರುವಾರವೂ ಏನನ್ನೂ ತಂದಿಲ್ಲ, ಕಿಟಕಿಯ ಹೊರಗೆ ನೋಡುತ್ತಾ ಕೂರುತ್ತಾನೆ. ತಾನಾಗಿ ಓದುತ್ತಿದ್ದ ಹುಡುಗನ ಓದನ್ನು ನಿಲ್ಲಿಸಿದವಳು ನಾನು. ನನ್ನ ಸ್ತಂಭ ನಕ್ಷೆಯಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು, ನನ್ನ ಡಿಗ್ರಿಯ ಫೀಸೂ ಅದರಿಂದಲೇ ಬಂದದ್ದು. ಮಡಿಲಲ್ಲಿ ಗೆರಸೆ ಇಟ್ಟುಕೊಂಡೇ ಕೇಳಿಸಿಕೊಂಡು, ‘ಸಾವಿರಕ್ಕೆ ಇಷ್ಟು ಎಂದು ಲೆಕ್ಕವಿದ್ದರೆ ಕೈ ಲೆಕ್ಕದ ಹಿಂದೆಯೇ ಹೋಗುತ್ತದೆ. ಅದಕ್ಕೇ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಒಂದೊಂದು ಕಟ್ಟನ್ನೂ ಬಿಡಿಸಿ ನೋಡುವುದು’ ಎಂದರು. ಆ ರಾತ್ರಿ ತುಂಬಾ ಹೊತ್ತು ಅದೇ ಮಾತು ತಲೆಯಲ್ಲಿ ತಿರುಗಿತು. ಸಾವಿರದ ಲೆಕ್ಕವನ್ನು ಹುಟ್ಟಿದಂದಿನಿಂದ ನೋಡುತ್ತಾ ಬೆಳೆದವಳು, ಅದನ್ನೇ ಒಯ್ದು ಮಕ್ಕಳ ಓದಿಗೆ ಹಾಕಿದೆನಲ್ಲ ಎಂದು ಸಂಕಟವಾಯಿತು.

ಈಗ ಕೇಳುವುದು ಇಷ್ಟು. ಚಾರ್ಟನ್ನು ತೆಗೆದುಬಿಡಲೇ? ತೆಗೆದರೆ, ಕಷ್ಟಪಟ್ಟು ನಕ್ಷತ್ರ ಗಳಿಸಿದವರಿಗೆ ಏನು ಹೇಳಲಿ? ಆ ಹುಡುಗನ ಕೈಗೆ ಪುಸ್ತಕ ಮರಳಿ ಬರುವಂತೆ ಮಾಡುವ ದಾರಿ ಇದೆಯೇ? ಸಂಖ್ಯೆಯ ಪ್ರಕಾರ ಗೆದ್ದಿರುವ ಸಂಶೋಧನೆಯ ವರದಿಯಲ್ಲಿ ಇದನ್ನೆಲ್ಲ ಬರೆಯಬಹುದೇ?

ಕುಂದಾಪುರದ ಶಿಕ್ಷಕಿ:

ತಂಗೀ, ನಾನು 22 ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ನಕ್ಷತ್ರ, ಚಾಕಲೇಟು, ಪೆನ್ಸಿಲು, ‘ವಾರದ ವಿದ್ಯಾರ್ಥಿ’ ಎಲ್ಲವನ್ನೂ ಮಾಡಿ ನೋಡಿದವಳು.

ಚಾರ್ಟನ್ನು ತೆಗೆಯಿರಿ, ಆದರೆ ಮಕ್ಕಳು ಮನೆಗೆ ಹೋದ ಮೇಲೆ ಕಿತ್ತುಹಾಕಬೇಡಿ. ಬೆಳಿಗ್ಗೆ ಬಂದು ಖಾಲಿ ಗೋಡೆ ನೋಡಿದರೆ, ದುಡಿದ ಕೂಲಿ ಕೊಡದೆ ಓಡಿಹೋದ ಹಾಗಾಗುತ್ತದೆ. ಮಕ್ಕಳ ಎದುರಿಗೇ ತೆಗೆಯಿರಿ. ಯಾಕೆ ತೆಗೆಯುತ್ತಿದ್ದೇನೆಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ‘ನಾನು ಮಾಡಿದ ನಿಯಮ ಸರಿ ಇರಲಿಲ್ಲ’ ಎಂದು ಟೀಚರ್ ಹೇಳಿದರೆ ಆರನೆಯ ತರಗತಿಯ ಮಕ್ಕಳಿಗೆ ಅರ್ಥವಾಗುತ್ತದೆ, ಅವರ ಕಣ್ಣಲ್ಲಿ ನೀವು ಸಣ್ಣವರಾಗುವುದಿಲ್ಲ. ಗಳಿಸಿದ ನಕ್ಷತ್ರ ಅವರವರದ್ದು, ಅವರಿಗೇ ಕೊಟ್ಟುಬಿಡಿ.

ಇನ್ನೊಂದು ಮಾತು. ರಿಜಿಸ್ಟರನ್ನು ಮತ್ತೊಮ್ಮೆ ತೆಗೆದು, ಆ ಹದಿನಾರು ಪುಟದ ಪುಸ್ತಕಗಳನ್ನು ಯಾರು ಯಾರು ಒಯ್ದಿದ್ದಾರೆಂದು ಹೆಸರು ಹಿಡಿದು ನೋಡಿ. ದಪ್ಪ ಪುಸ್ತಕ ಓದಬಲ್ಲವರು ಒಯ್ದದ್ದು ಲೆಕ್ಕಕ್ಕಾಗಿ, ಸರಿ. ಆದರೆ ಆರನೆಯ ತರಗತಿಗೆ ಬಂದರೂ ಕೂಡಿಸಿ ಓದಲು ಬಾರದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಒಂದನೆಯ ತರಗತಿಯ ಚಿತ್ರ ಪುಸ್ತಕವನ್ನು ಎಲ್ಲರೆದುರು ಕೈಗೆತ್ತಿಕೊಳ್ಳಲು ಅವರಿಗೆ ನಾಚಿಕೆ. ನಿಮ್ಮ ಚಾರ್ಟ್ ಬಂದ ಮೇಲೆ ಜಾಣರೂ ಅದೇ ಪುಸ್ತಕಕ್ಕೆ ಮುಗಿಬಿದ್ದದ್ದರಿಂದ ಆ ನಾಚಿಕೆ ಸ್ವಲ್ಪ ದಿನ ಮರೆಯಾಗಿರಬಹುದು. ಹಾಗಿದ್ದರೆ ಚಾರ್ಟ್ ಹೋದ ದಿನ ಅವರು ಮತ್ತೆ ಕೈಕಟ್ಟಿ ಕೂರುತ್ತಾರೆ. ಅವರಿಗಾಗಿ ಮೊದಲೇ ಏನಾದರೂ ಯೋಚಿಸಿಟ್ಟುಕೊಳ್ಳಿ. ನಾನು ಮಾಡಿದ್ದು ಇದು: ಆರನೆಯವರನ್ನು ವಾರಕ್ಕೊಮ್ಮೆ ನಲಿ ಕಲಿ ಕೊಠಡಿಗೆ ಕಳುಹಿಸಿ, ಚಿಕ್ಕ ಮಕ್ಕಳಿಗೆ ಚಿತ್ರ ಪುಸ್ತಕ ಓದಿ ಹೇಳುವ ಕೆಲಸ ಕೊಟ್ಟೆ. ಚಿಕ್ಕವರಿಗೆ ಓದಿ ಹೇಳಬೇಕೆಂದರೆ ಮೊದಲು ತಾನು ನಾಲ್ಕು ಸಲ ಓದಿಕೊಳ್ಳಬೇಕಲ್ಲ! ಆಗ ತೆಳು ಪುಸ್ತಕ ಹಿಡಿದುಕೊಂಡರೆ ಯಾರೂ ನಗುವುದಿಲ್ಲ.

ಗುರುವಾರದ ಅವಧಿಯಲ್ಲಿ ಮೊದಲ ಹತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ. ಕತೆ ರುಚಿ ಹತ್ತುವ ಜಾಗದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟುಬಿಡಿ. ಮುಂದಿನದ್ದನ್ನು ನೋಡಲು ಯಾರಾದರೂ ಬಂದೇ ಬರುತ್ತಾರೆ.

ಮಂಗಳೂರಿನ ಇನ್ನೊಬ್ಬ ಪ್ರಶಿಕ್ಷಣಾರ್ಥಿ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರಿಸಬೇಡಿ. ನನ್ನ ಇಂಟರ್ನ್‌ಶಿಪ್ ಮಂಗಳೂರಿನ ದಕ್ಕೆಯ ಕಡೆಯ ಶಾಲೆಯಲ್ಲಿ. ನಾನೂ ಏಳನೆಯ ತರಗತಿಯ ಗಣಿತಕ್ಕೆ ನಕ್ಷತ್ರದ ಚಾರ್ಟ್ ಹಾಕಿದ್ದೇನೆ. ಮನೆಯಲ್ಲಿ ಬ್ಯಾರಿ ಮಾತನಾಡುವ ಒಬ್ಬಳು ಹುಡುಗಿ, ಆರು ವರ್ಷದ ಶಾಲೆಯಲ್ಲಿ ಒಂದು ಬಹುಮಾನವನ್ನೂ ಕಂಡವಳಲ್ಲ. ಭಿನ್ನರಾಶಿಯ ಕೂಡುವ ಲೆಕ್ಕ ಮೊದಲ ಬಾರಿ ಸರಿಯಾದಾಗ ಅವಳ ಹೆಸರಿನ ಮುಂದೆ ನಕ್ಷತ್ರ ಅಂಟಿಸಿದೆ. ಮರುದಿನ ಅವಳ ತಾಯಿ ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳಿ, ಆ ಒಂದು ನಕ್ಷತ್ರದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋದರು. ಕೊಲ್ಲಿಯಲ್ಲಿರುವ ಅಪ್ಪನಿಗೆ ಕಳುಹಿಸಲಿಕ್ಕಂತೆ. ಈಗ ಆ ಹುಡುಗಿ ಕೈ ಎತ್ತುತ್ತಾಳೆ.

ಅಂತಃಪ್ರೇರಣೆ ದೊಡ್ಡದು, ಒಪ್ಪುತ್ತೇನೆ. ಆದರೆ ಗಣಿತವೆಂದರೆ ಹೊಟ್ಟೆ ಕಲಸುವ ಮಗುವಿಗೆ ಅದು ಎಲ್ಲಿಂದ ಬರಬೇಕು? ಬಾಗಿಲು ತಟ್ಟುವುದಕ್ಕೂ ಒಂದು ನೆಪ ಬೇಕಲ್ಲವೇ? ನಿಮ್ಮ ಹುಡುಗನಿಗೆ ಆದದ್ದು ಓದಿ ನನಗೂ ನೋವಾಯಿತು, ಆದರೆ ಅದಕ್ಕಾಗಿ ನಕ್ಷತ್ರವನ್ನೇ ತಪ್ಪಿತಸ್ಥ ಮಾಡಬೇಡಿ.

ನಿವೃತ್ತ ಮನೋವಿಜ್ಞಾನ ಉಪನ್ಯಾಸಕ, ಉಡುಪಿ:

ಬಿ.ಎಡ್. ವಿದ್ಯಾರ್ಥಿಗಳಿಗೆ ಬಹಳ ಕಾಲ ಮನೋವಿಜ್ಞಾನ ಕಲಿಸಿದ್ದೇನೆ. ಇಂಥ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿಸಿಕೊಳ್ಳಲು ಕಾದಿದ್ದವನು ನಾನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನೀವು ಕಂಡದ್ದನ್ನು 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಅಮೆರಿಕದ ಸ್ಟಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ 51 ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ’ ಎಂದು ಮುಂಚೆಯೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದನ್ನೇ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರಗಳ ನಂತರ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದಾಗ, ಮೊದಲೇ ಮಾತು ಪಡೆದಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅಚಾನಕ್ಕಾಗಿ ಬಹುಮಾನ ಸಿಕ್ಕವರ ಆಸಕ್ತಿ ಕುಂದಿರಲಿಲ್ಲ. ಹಾಳು ಮಾಡಿದ್ದು ಬಹುಮಾನ ಅಲ್ಲ, ‘ಇದನ್ನು ಮಾಡಿದರೆ ಅದು ಸಿಗುತ್ತದೆ’ ಎಂಬ ಕರಾರು.

ಆ ಮಕ್ಕಳು ಮೊದಲೇ ಚಿತ್ರವನ್ನು ಪ್ರೀತಿಸುತ್ತಿದ್ದವರು ಎಂಬುದನ್ನು ಮರೆಯಬೇಡಿ. ಮಂಗಳೂರಿನ ಗೆಳತಿ ಹೇಳಿದ ಹುಡುಗಿಗೆ ಗಣಿತದಲ್ಲಿ ಕಳೆದುಕೊಳ್ಳಲು ಆಸಕ್ತಿಯೇ ಇರಲಿಲ್ಲ, ಅವಳಿಗೆ ನಕ್ಷತ್ರ ಮೊದಲ ಮೆಟ್ಟಿಲಾಯಿತು. ಹಾಗಾಗಿ ನಿಮ್ಮಿಬ್ಬರ ಅನುಭವವೂ ನಿಜ. ಡೆಸಿ, ಕೋಸ್ಟ್ನರ್ ಮತ್ತು ರಯಾನ್ 1999ರಲ್ಲಿ 128 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಮುಂಚಿತವಾಗಿ ಹೇಳಿ ಕೊಡುವ ವಸ್ತುರೂಪದ ಬಹುಮಾನ ಆಸಕ್ತಿಯನ್ನು ಕುಗ್ಗಿಸುತ್ತದೆ, ‘ಇದನ್ನು ಚೆನ್ನಾಗಿ ಮಾಡಿದೆ’ ಎಂಬ ಮಾತಿನ ಮೆಚ್ಚುಗೆ ಹೆಚ್ಚಿಸುತ್ತದೆ ಎಂದೇ ಕಂಡುಬಂತು. ಬೇರೆ ನಿಲುವಿನ ಸಂಶೋಧಕರೂ ಇದ್ದಾರೆ. 1994ರಲ್ಲಿ ಕ್ಯಾಮರಾನ್ ಮತ್ತು ಪಿಯರ್ಸ್ ಬಹುಮಾನದ ಪರವಾಗಿ ವಾದಿಸಿದ್ದರು. ಓದುವಾಗ ಎರಡನ್ನೂ ಓದಿ.

ಸ್ಕಿನ್ನರ್ ಅವರನ್ನು ಇದರಲ್ಲಿ ದೂರಬೇಡಿ. ಯಾವ ವರ್ತನೆಗೆ ಪುನರ್ಬಲನ ಕೊಡುತ್ತೀರೋ ಅದು ಹೆಚ್ಚುತ್ತದೆ ಎಂದು ಅವರು ಹೇಳಿದರು, ನಿಮ್ಮಲ್ಲಿ ಹಾಗೆಯೇ ಆಯಿತು. ನೀವು ಪುನರ್ಬಲನ ಕೊಟ್ಟದ್ದು ‘ಪುಸ್ತಕ ಮುಗಿಸುವುದಕ್ಕೆ’. ಮಕ್ಕಳು ಮುಗಿಸಿದರು.

ಇನ್ನು ಆ ಹುಡುಗ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದುವುದನ್ನು ನಿಮ್ಮ ನಿಯಮ ಮೋಸವೆಂದು ಎಣಿಸಿತು. ಓದಿನ ಮನೋವಿಜ್ಞಾನದಲ್ಲಿ ಅದು ಒಂದು ಕಲಿಸುವ ವಿಧಾನ. ಜೇ ಸ್ಯಾಮ್ಯುಯೆಲ್ಸ್ ಎಂಬವರು 1979ರಲ್ಲೇ ಇದನ್ನು ವಿವರಿಸಿದ್ದಾರೆ. ಓದು ನಿಧಾನವಾಗಿರುವ ಮಗು ಒಂದು ಚಿಕ್ಕ ಭಾಗವನ್ನು ಸಲೀಸಾಗುವವರೆಗೆ ಪುನಃ ಪುನಃ ಓದಬೇಕು. ಅಕ್ಷರ ಕೂಡಿಸುವ ಶ್ರಮ ಇಳಿದಷ್ಟೂ ಅರ್ಥದ ಕಡೆಗೆ ಗಮನ ಹರಿಯುತ್ತದೆ, ಮುಂದಿನ ಹೊಸ ಭಾಗವನ್ನೂ ಮೊದಲಿಗಿಂತ ಬೇಗ ಓದುತ್ತದೆ. ಯಾರೂ ಹೇಳಿಕೊಡದೆ ಆ ಹುಡುಗ ಅದನ್ನು ಮಾಡುತ್ತಿದ್ದ.

ವರದಿಯಲ್ಲಿ ಬರೆಯಬಹುದೇ ಎಂದು ಕೇಳಿದ್ದೀರಿ. ಬರೆಯಲೇಬೇಕು. ಮನೋವಿಜ್ಞಾನಿ ಕುರ್ಟ್ ಲೆವಿನ್ 1940ರ ದಶಕದಲ್ಲಿ ಕ್ರಿಯಾ ಸಂಶೋಧನೆಯ ಮಾತನ್ನು ಎತ್ತಿದಾಗ, ಯೋಜಿಸು, ಮಾಡು, ಏನಾಯಿತೆಂದು ನೋಡು, ಅದರಿಂದ ಮತ್ತೆ ಯೋಜಿಸು ಎಂಬ ಸುತ್ತುಗಳನ್ನೇ ಹೇಳಿದ್ದು. 38 ಮತ್ತು 127 ನಿಮ್ಮ ಮೊದಲ ಸುತ್ತು. ಹದಿನಾರು ಪುಟದ ಪುಸ್ತಕಗಳು ಮತ್ತು ಕಿಟಕಿಯ ಪಕ್ಕದ ಹುಡುಗ ಅದರ ಅವಲೋಕನ. ಚಾರ್ಟ್ ಇಳಿಸುವುದು ಎರಡನೆಯ ಸುತ್ತು. ನಾನು ಮೌಲ್ಯಮಾಪನ ಮಾಡುತ್ತಿದ್ದಾಗ ನನ್ನ ಕೈಗೆ ಬಂದ ವರದಿಗಳೆಲ್ಲವೂ ಯಶಸ್ವಿಯಾದ ಪ್ರಯೋಗಗಳೇ. ಒಂದರಲ್ಲಾದರೂ ಹೀಗೆ ಬರೆದಿದ್ದರೆ ಎಷ್ಟು ಸಂತೋಷಪಡುತ್ತಿದ್ದೆ!

ಕಾಪುವಿನಿಂದ ಒಬ್ಬರು:

ನಾನು ಶಿಕ್ಷಕನಲ್ಲ, ಅಂಗಡಿ ನಡೆಸುವವನು. ನಮ್ಮ ನಾಲ್ಕನೆಯ ತರಗತಿಯ ಗೋಡೆಯಲ್ಲೂ ಇಂಥ ಪಟ್ಟಿ ಇತ್ತು, ಮಗ್ಗಿ ಒಪ್ಪಿಸಿದವರಿಗೆ ಕೆಂಪು ಚುಕ್ಕೆ. ನನ್ನ ಹೆಸರಿನ ಮುಂದೆ ವರ್ಷವಿಡೀ ಏನೂ ಇರಲಿಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೂ ಆ ಖಾಲಿ ಸಾಲು ಎಲ್ಲಿತ್ತು, ಮೇಲಿನಿಂದ ಎಷ್ಟನೆಯದು ಎಂಬುದು ನನಗೆ ಈಗಲೂ ನೆನಪಿದೆ. ಹನ್ನೊಂದನೆಯದು. ಎಲ್ಲರೂ ನಕ್ಷತ್ರದ ಬಗ್ಗೆ ಮಾತನಾಡಿದ್ದೀರಿ. ಟೀಚರ್, ನಿಮ್ಮ ಚಾರ್ಟಿನಲ್ಲಿ ಖಾಲಿ ಸಾಲುಗಳು ಎಷ್ಟಿವೆ?

ಹಿರಿಯಡ್ಕದ ಪ್ರಶಿಕ್ಷಣಾರ್ಥಿ:

ಕಾಪುವಿನ ಅಣ್ಣಾ, ಎರಡು. ನೀವು ಕೇಳಿದ ಮೇಲೆಯೇ ಎಣಿಸಿದೆ.

ಕುಂದಾಪುರದ ಟೀಚರ್ ಹೇಳಿದಂತೆ ರಿಜಿಸ್ಟರನ್ನು ಮತ್ತೆ ನೋಡಿದೆ. ತೆಳು ಪುಸ್ತಕ ಒಯ್ದವರಲ್ಲಿ ಒಂಬತ್ತು ಮಂದಿ ನಿಜವಾಗಿಯೂ ಕೂಡಿಸಿ ಓದಲು ಕಷ್ಟಪಡುವವರು. ಅವರು ಹಿಂದೆ ಒಂದು ಪುಸ್ತಕವನ್ನೂ ಮನೆಗೆ ಒಯ್ದವರಲ್ಲ. ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ‘ಲೆಕ್ಕಕ್ಕೆ ಓದಿದರು’ ಎಂದು ಅವರನ್ನೂ ಸೇರಿಸಿ ತಳ್ಳಿಹಾಕಿದ್ದೆ. ಒಂದು ವಾರ ಬಿಟ್ಟು ಬಂದು ಹೇಳುತ್ತೇನೆ.

ಹಿರಿಯಡ್ಕದ ಪ್ರಶಿಕ್ಷಣಾರ್ಥಿ (ಒಂಬತ್ತು ದಿನಗಳ ನಂತರ):

ಮೊದಲು ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೆದು ತನ್ನಿ, ನೋಡೋಣ’ ಎಂದರು.

ಸೋಮವಾರ ಮಕ್ಕಳ ಎದುರಿನಲ್ಲೇ ಚಾರ್ಟ್ ಇಳಿಸಿದೆ. ಸ್ಟಿಕ್ಕರುಗಳನ್ನು ಬಿಡಿಸಲು ನೋಡಿದರೆ ಹರಿಯುತ್ತಿದ್ದವು. ಹಾಗಾಗಿ ಕತ್ತರಿಯಿಂದ ಒಂದೊಂದು ಹೆಸರಿನ ಸಾಲನ್ನೂ ಉದ್ದಕ್ಕೆ ಕತ್ತರಿಸಿ, ಅವರವರ ನೋಟ್ ಪುಸ್ತಕದೊಳಗೆ ಇಟ್ಟುಕೊಟ್ಟೆ. ಕೂಗಿ ಕರೆದು ಕೊಡಲಿಲ್ಲ. ಖಾಲಿ ಇದ್ದ ಎರಡು ಪಟ್ಟಿಗಳು ನನ್ನ ಚೀಲದಲ್ಲಿಯೇ ಇವೆ. ಆ ಇಬ್ಬರೂ ಕೇಳಲಿಲ್ಲ, ನನಗೂ ಹೇಗೆ ಮಾತು ಶುರು ಮಾಡಬೇಕೆಂದು ತಿಳಿಯಲಿಲ್ಲ.

‘ನಾನು ನಿಯಮ ಮಾಡುವಾಗ ತಪ್ಪಿದೆ. ಎಷ್ಟು ಪುಸ್ತಕ ಎಂದು ಎಣಿಸಿದೆ, ನಿಮಗೆ ಯಾವುದು ಇಷ್ಟವಾಯಿತೆಂದು ಕೇಳಲಿಲ್ಲ’ ಎಂದೆ. ಹೆಚ್ಚಿನವರು ತಲೆಯಾಡಿಸಿದರು. 19 ನಕ್ಷತ್ರದ ಹುಡುಗಿ ಎದ್ದು ನಿಂತು, ‘ಹಾಗಾದರೆ ನಾನು ಓದಿದ್ದೆಲ್ಲ ಸುಮ್ಮನೆಯೇ ಟೀಚರ್?’ ಎಂದಳು. ಅವಳ ಗಂಟಲು ಕಟ್ಟಿತ್ತು. ಸುಮ್ಮನೆ ಅಲ್ಲ ಎಂದೆ. ಆ ಉತ್ತರ ಅವಳಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಈಗಲೂ ಅವಳು ನನ್ನೊಡನೆ ಮೊದಲಿನ ಹಾಗೆ ಮಾತನಾಡುತ್ತಿಲ್ಲ. ಜಾನಪದ ಕತೆಗಳ ಪುಸ್ತಕವನ್ನು ಅವಳ ಬೆಂಚಿನ ಹತ್ತಿರ ಇಟ್ಟಿದ್ದೇನೆ, ಮುಟ್ಟಿಲ್ಲ.

ಆ ವಾರ ಮಕ್ಕಳು ಒಯ್ದ ಪುಸ್ತಕಗಳು 11. ವರದಿಯ ಸ್ತಂಭ ನಕ್ಷೆಯಲ್ಲಿ 38 ಮತ್ತು 127ರ ಪಕ್ಕಕ್ಕೆ ಅದನ್ನೂ ಹಾಕಿದ್ದೇನೆ, ಅದು ಒಂದೇ ವಾರದ ಲೆಕ್ಕವೆಂದೂ ಕೆಳಗೆ ಬರೆದಿದ್ದೇನೆ.

ಒಂಬತ್ತು ಮಂದಿಯ ವಿಷಯವನ್ನು ನಲಿ ಕಲಿ ಶಿಕ್ಷಕಿಯೊಡನೆ ಮಾತನಾಡಿದೆ. ಬುಧವಾರ ಊಟದ ನಂತರ ಆ ಒಂಬತ್ತು ಮಂದಿ ಚಿಕ್ಕವರ ಕೊಠಡಿಗೆ ಹೋಗಿ ಓದಿ ಹೇಳುತ್ತಾರೆ. ಮೊದಲ ದಿನ ಇಬ್ಬರು ಬಾಗಿಲಲ್ಲೇ ನಿಂತರು. ಒಬ್ಬನು ಬೆಕ್ಕಿನ ಕತೆ ಓದುವಾಗ ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡ. ಎರಡನೆಯ ತರಗತಿಯ ಮಗುವೊಂದು ಚಿತ್ರ ನೋಡಿ ಆ ಪದವನ್ನು ಹೇಳಿಬಿಟ್ಟಿತು. ಅವನು ಅದನ್ನೇ ಹೇಳಿಕೊಂಡು ಮುಂದಕ್ಕೆ ಓದಿದ. ಅದನ್ನು ನಾನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ.

ಕಿಟಕಿಯ ಹುಡುಗನ ಬಳಿ ನಾನೇ ಆಮೆಯ ಪುಸ್ತಕ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕುಳಿತೆ. ‘ನಾನು ಇದನ್ನು ಓದಿಲ್ಲ, ಒಳಗೆ ಏನಿದೆ?’ ಎಂದು ಕೇಳಿದೆ. ಅದು ನಿಜವೇ ಆಗಿತ್ತು. ಮೂರು ತಿಂಗಳು ಅವನ ಕೈಯಲ್ಲಿ ಕಂಡ ಪುಸ್ತಕವನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಅವನು ಉತ್ತರ ಕೊಡದೆ ಪುಟ ತಿರುಗಿಸಿದ. ತಾಯಿ ಆಮೆ ರಾತ್ರಿ ದಡಕ್ಕೆ ಬಂದು ಗುಂಡಿ ತೋಡುವ ಚಿತ್ರ, ಮೊಟ್ಟೆಯ ಚಿತ್ರ, ಮರಿಗಳು ಮರಳಿನಿಂದ ಮೇಲೆ ಬರುವ ಚಿತ್ರ. ಕೊನೆಯ ಪುಟದಲ್ಲಿ ನೀರಿನ ಅಂಚು ಮುಟ್ಟಿದ ಮರಿಗಳು. ಎಲ್ಲವನ್ನೂ ಬೆರಳಿನಿಂದ ತೋರಿಸಿದ.

ಪ್ರತಿ ವಾರ ಇದನ್ನೇ ಯಾಕೆ ಓದುತ್ತಿದ್ದೆ ಎಂದು ಕೇಳಿದೆ. ‘ಮೊದಲೆಲ್ಲ ಪುಸ್ತಕ ಮುಗಿಯುವ ಮೊದಲೇ ಬೆಲ್ ಹೊಡೆಯುತ್ತಿತ್ತು ಟೀಚರ್. ನಡುವೆ ಬಿಟ್ಟರೆ ಮರಿಗಳು ಮರಳಿನಲ್ಲೇ ಉಳಿಯುತ್ತವೆ’ ಎಂದ. ಅವನು ಇಷ್ಟು ಉದ್ದದ ಮಾತನ್ನು ನನ್ನೊಡನೆ ಆಡಿದ್ದು ಅದೇ ಮೊದಲು. ಮುಗಿಸುವುದನ್ನು ಕಲಿತ ಮೇಲೂ ಪ್ರತಿ ಗುರುವಾರ ಅವುಗಳನ್ನು ಕಡಲಿಗೆ ತಲುಪಿಸಿಯೇ ಮನೆಗೆ ಹೋಗುತ್ತಿದ್ದನಂತೆ.

ನಿನ್ನೆ ಗುರುವಾರ. ಅವನು ತಾನಾಗಿ ಏಳಲಿಲ್ಲ. ಪುಸ್ತಕವನ್ನು ನಾನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೆ, ಸ್ವಲ್ಪ ಹೊತ್ತಿನ ಮೇಲೆ ಎಳೆದುಕೊಂಡ. ಗಡಿಯಾರ ನೋಡಿದೆ. ಮೊದಲ ಪುಟದಿಂದ ಕೊನೆಯವರೆಗೆ ಅವನಿಗೆ 31 ನಿಮಿಷ ಬೇಕಾಯಿತು. ಅವಧಿ 40 ನಿಮಿಷದ್ದು, ಅದರಲ್ಲಿ ಮೊದಲ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಪುಸ್ತಕಗಳನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದರಲ್ಲೇ ಹೋಗುತ್ತಿತ್ತು. ಆ ಕೆಲಸವನ್ನು ಮಧ್ಯಾಹ್ನದ ಬಿಡುವಿಗೆ ಹಾಕಿದ್ದೇನೆ. ಗಟ್ಟಿಯಾಗಿ ಓದುವ ಹತ್ತು ನಿಮಿಷವನ್ನು ಶುಕ್ರವಾರದ ಕನ್ನಡ ಅವಧಿಯಲ್ಲಿ ಮಾಡುತ್ತೇನೆ.